ವಿಸ್ಲರ್‌ಗೆ ಹೊರಡುವ ಮುಂಚೆ

ವ್ಯಾಂಕೂವರ್
ನವೆಂಬರ್ 9

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಫೆಬ್ರವರಿಯಲ್ಲಿ ನೀನೂ ಪುಟ್ಟಿಯೂ ಬರುವುದು ಖಾತ್ರಿ ಅಂತ ಅಮ್ಮ ಹೇಳಿದಳು. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡಿಂಗ್ ಕಲಿತೇ ಹೋಗುತ್ತೇವೆ ಅಂದಿದ್ದೀರಂತೆ, ಕೇಳಿ ತುಂಬಾ ಖುಷಿಯಾಯಿತು. ಅಮ್ಮ ನಿಮ್ಮಿಬ್ಬರಿಗೂ ದಪ್ಪ ಉಲ್ಲನ್ ಸ್ವೆಟರ್ ಹೆಣೆಯಲು ಕೂತಿದ್ದಾಳಂತೆ. ಅದು ವ್ಯಾಂಕೂವರ್ ಪೇಟೆ ಸುತ್ತಲು ಆಗುತ್ತದೆ, ಬೆಟ್ಟಕ್ಕೆ ಬೇಡ. ನಾವು ಹೋಗಲಿರುವ ವಿಸ್ಲರ್ ಅನ್ನುವ ಬೆಟ್ಟದೂರಿನಲ್ಲಿ ಚಳಿಗಿಂತ ಹೆಚ್ಚು ಕಾಡುವುದು ಒದ್ದೆ. ಅರಬ್ಬಿ ಸಮುದ್ರದ ಮೋಡ ಆಗುಂಬೆಗೆ ಬಂದು ಬಡಿಯುವ ಹಾಗೆ ಪೆಸಿಫಿಕ್ ಸಾಗರದ ಮೋಡ ಇಲ್ಲಿನ ಬೆಟ್ಟಸಾಲಿಗೆ ಬಡಿಯುತ್ತದೆ. ಊರು ಇರುವುದು ಸುಮಾರು 675 ಮೀಟರ್ ಎತ್ತರದಲ್ಲಿ, ಬೆಟ್ಟ ಹತ್ತಿಸುವ ತಂತಿಯ ಲಿಫ್ಟುಗಳು ಹೋಗುವುದು 2,200 ಮೀಟರಿನ ಮೇಲಕ್ಕೆ. ಹಾಗಾಗಿ ಒಂದೇ ಹೊತ್ತಿಗೆ ಮೇಲೆ ಹಿಮ, ಕೆಳಗೆ ಮಳೆ. ನಮ್ಮಲ್ಲಿ ಆಷಾಢದಲ್ಲಿ ಹಗ್ಗದ ಮೇಲೆ ಹಾಕಿದ ಬನಿಯನ್ ನಾಲ್ಕು ದಿನವಾದರೂ ತಣ್ಣಗೆ ಜೋತಾಡುತ್ತದಲ್ಲ, ಅದನ್ನೇ ಮೈಮೇಲೆ ಹಾಕಿಕೊಂಡು ಹಿಮದಲ್ಲಿ ಕೂತ ಹಾಗಾಗುತ್ತದೆ ಹತ್ತಿ ಬಟ್ಟೆ ತಂದರೆ.

ಆದ್ದರಿಂದ ಬಟ್ಟೆಯ ವಿಷಯ ಮೊದಲು. ಮೂರು ಪದರ ಸಾಕು. ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದು; ಅದು ಬೆವರನ್ನು ಹೊರಗೆ ಬಿಡುತ್ತದೆ. ಅಂಗಡಿಯಲ್ಲಿ 'ಥರ್ಮಲ್' ಅಂತ ಕೊಡುವ ಎಷ್ಟೋ ಬಟ್ಟೆಗಳಲ್ಲಿ ಹತ್ತಿ ಬೆರೆತಿರುತ್ತದೆ, ಒಳಗಿನ ಲೇಬಲ್ ಓದಿಯೇ ತಗೋ. ಅದರ ಮೇಲೆ ತೆಳು ಫ್ಲೀಸ್, ಅಂದರೆ ಮೆತ್ತನೆಯ ಜುಂಗಿನ ಬೆಚ್ಚನೆ ಅಂಗಿ, ಒಂದು. ಹೊರಗೆ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಜಾಕೆಟ್ಟಿನ ಚೀಟಿಯಲ್ಲಿ 10,000 ಎಂಎಂ ಅಂತ ಇರುತ್ತದೆ, ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ ಅದು. ಇಲ್ಲಿಗೆ ಅದೇ ಕನಿಷ್ಠ, 15,000 ಇದ್ದರೆ ಒಳ್ಳೆಯದು. ಹೊಲಿಗೆಗಳ ಒಳಬದಿಗೆ ಟೇಪ್ ಅಂಟಿಸಿರಬೇಕು, ಇಲ್ಲದಿದ್ದರೆ ಸೂಜಿ ತೂತಿನಿಂದಲೇ ನೀರು ಇಳಿಯುತ್ತದೆ. ಹೊಸದಾಗಿ ಕಲಿಯುವವರು ದಿನದ ಅರ್ಧ ಹೊತ್ತು ಹಿಮದ ಮೇಲೆ ಕೂತೇ ಇರುತ್ತಾರೆ, ಹಾಗಾಗಿ ಜಾಕೆಟ್ಟಿಗಿಂತ ಪ್ಯಾಂಟ್ ಮುಖ್ಯ. ಎರಡೂ ವಿಸ್ಲರ್‌ನಲ್ಲೇ ಬಾಡಿಗೆಗೆ ಸಿಗುತ್ತವೆ, ಊರಿನಿಂದ ಹೊತ್ತು ತರಬೇಡಿ. ತರಬೇಕಾದ್ದು ಒಳಪದರ ಎರಡೆರಡು ಜೊತೆ, ಫ್ಲೀಸ್, ಮೊಣಕಾಲಿನವರೆಗೆ ಬರುವ ಸಾಕ್ಸ್, ಸನ್‌ಸ್ಕ್ರೀನ್. ಬಿಸಿಲು ಹಿಮಕ್ಕೆ ಬಿದ್ದು ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ, ಗದ್ದದ ಅಡಿಗೂ ಮೂಗಿನ ಕೆಳಗೂ ಹಚ್ಚಿಕೊಳ್ಳಬೇಕು. ಗ್ಲವ್ಸ್ ಇಬ್ಬರಿಗೂ ಎರಡೆರಡು ಜೊತೆ ನಾನು ತೆಗೆದಿಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಒಂದು ಜೊತೆ ನೆನೆದಿರುತ್ತದೆ.

ದಿನಗಳನ್ನು ಹೀಗೆ ಇಟ್ಟುಕೊಳ್ಳೋಣ: ಫೆಬ್ರವರಿ ಮೊದಲ ವಾರ, ಸೋಮವಾರ ಸಂಜೆ ಹೋಗಿ, ಮಂಗಳವಾರದಿಂದ ಗುರುವಾರದವರೆಗೆ ಬೋರ್ಡು, ಶುಕ್ರವಾರ ವಾಪಸ್. ಫೆಬ್ರವರಿಯ ಮೂರನೇ ಸೋಮವಾರ ನಮ್ಮ ಪ್ರಾಂತ್ಯದಲ್ಲಿ ಫ್ಯಾಮಿಲಿ ಡೇ ರಜೆ, ಅದೇ ದಿನ ಅಮೆರಿಕದಲ್ಲೂ ರಜೆ. ಆ ವಾರಾಂತ್ಯದ ಹತ್ತಿರ ಸುಳಿಯುವುದೂ ಬೇಡ. ಟಿಕೆಟ್ ಬೆಟ್ಟದ ಕೌಂಟರಿನಲ್ಲಿ ಅವತ್ತೇ ಕೊಂಡರೆ ಎಲ್ಲಕ್ಕಿಂತ ದುಬಾರಿ. ಮುಂಗಡ ಪಾಸುಗಳ ಮಾರಾಟ ಡಿಸೆಂಬರ್ ಮೊದಲಲ್ಲೇ ಮುಗಿಯುತ್ತದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಮೊದಲ ದಿನಕ್ಕೆ ಪಾಠ, ಲಿಫ್ಟ್, ಬಾಡಿಗೆ ಬೋರ್ಡು ಮೂರೂ ಸೇರಿದ ಪ್ಯಾಕೇಜ್ ನೋಡುತ್ತೇನೆ. ಪಾಠ ಮಾತ್ರ ಬಿಡುವ ಹಾಗಿಲ್ಲ. ಗೆಳೆಯರು ಹೇಳಿಕೊಟ್ಟರೆ ಸಾಕು ಅನ್ನುವವರು ಮೊದಲ ದಿನವೇ ಕೈ ಮುರಿದುಕೊಳ್ಳುವುದು ಹೆಚ್ಚು.

ನೀನು ಕಾರು ಓಡಿಸುತ್ತೇನೆ ಅನ್ನಬೇಡ. ವ್ಯಾಂಕೂವರ್‌ನಿಂದ ವಿಸ್ಲರ್ ಸುಮಾರು 120 ಕಿಲೋಮೀಟರ್, ಹೈವೇ 99. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಕಡ್ಡಾಯ, ಟೈರಿನ ಮೇಲಿನ ಗೀರುಗಳ ಆಳ ಕನಿಷ್ಠ 3.5 ಮಿಲಿಮೀಟರ್ ಇರಬೇಕು. ಬಲಬದಿಯ ಓಡಾಟ ಹೊಸದು, ಅದರ ಜೊತೆ ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ. ಬಸ್ಸಿನಲ್ಲಿ ಹೋಗೋಣ, ಎರಡು ಎರಡೂವರೆ ಗಂಟೆ.

ಇನ್ನು ಸಾಮಾನು. ಬೋರ್ಡಿಗಿಂತ ಬೂಟು ಮುಖ್ಯ, ಇದನ್ನು ಮರೆಯಬೇಡ. ಕಾಲು ಬೂಟಿನೊಳಗೆ ಅಲ್ಲಾಡಿದರೆ ನೀನು ತಿರುಗಿಸಿದ್ದು ಬೋರ್ಡಿಗೆ ತಲುಪುವುದೇ ಇಲ್ಲ. ನೇರ ನಿಂತಾಗ ಬೆರಳ ತುದಿ ಮುಂದಕ್ಕೆ ಸವರಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಸಡಿಲ ಅನ್ನಿಸಿದರೆ ಇನ್ನೊಂದು ಸಾಕ್ಸ್ ತೂರಿಸುವ ಅಭ್ಯಾಸ ಇದೆಯಲ್ಲ ನಮ್ಮವರಿಗೆ, ಅದು ತಪ್ಪು. ಎರಡು ಸಾಕ್ಸ್ ಮಡಿಕೆ ಬಿದ್ದು ರಕ್ತ ಓಡಾಟ ತಡೆಯುತ್ತವೆ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಸಣ್ಣ ಅಳತೆಯ ಬೂಟು ಕೇಳಬೇಕು.

ಬಾಡಿಗೆ ಅಂಗಡಿಯವರು ನಿನ್ನ ತೂಕ, ಎತ್ತರ, ಪಾದದ ಉದ್ದ ಕೇಳಿ, ಆಮೇಲೆ 'ರೆಗ್ಯುಲರ್ರೋ ಗೂಫಿಯೋ' ಅನ್ನುತ್ತಾರೆ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ಜಾರಿ ನೋಡಿ. ಯೋಚಿಸದೆ ಯಾವ ಕಾಲು ಮುಂದೆ ಹೋಯಿತೋ ಅದೇ ನಿಮ್ಮ ಮುಂಗಾಲು. ಮೂರು ಸಲ ಮಾಡಿ, ಅಮ್ಮನ ಹತ್ತಿರ ನೋಡಲು ಹೇಳಿ. ಕಲಿಯುವವರಿಗೆ ಮೃದುವಾಗಿ ಬಾಗುವ ಬೋರ್ಡು, ನಿಲ್ಲಿಸಿದರೆ ಗದ್ದದ ಹತ್ತಿರ ಬಂದರೆ ಸರಿ. ಹೆಲ್ಮೆಟ್ಟಿನ ಜೊತೆ ಮಣಿಕಟ್ಟಿನ ಗಾರ್ಡ್ ಕೇಳಿ ತಗೊಳ್ಳಿ, ಅವರಾಗಿ ಕೊಡುವುದು ಕಡಿಮೆ. ಸ್ನೋಬೋರ್ಡಿನಲ್ಲಿ ಹೊಸಬರಿಗೆ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೇ.

ಅದು ಯಾಕೆ ಅಂತ ಹೇಳುತ್ತೇನೆ. ಬೋರ್ಡಿನ ಎರಡೂ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಅಡ್ಡ ಜಾರುವಾಗ ಗುಡ್ಡದ ಮೇಲ್ಬದಿಯ ಅಂಚು ಮಾತ್ರ ಹಿಮಕ್ಕೆ ತಾಗಿರಬೇಕು. ಒಂದು ಕ್ಷಣ ಮೈಮರೆತು ಬೋರ್ಡು ಚಪ್ಪಟೆಯಾಯಿತೋ, ಕೆಳಬದಿಯ ಅಂಚು ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ಬೋರ್ಡು ಅಲ್ಲೇ ನಿಂತು, ಮೈ ಮಾತ್ರ ಮುಂದೆ ಹೋಗಿ ರಪ್ಪನೆ ಬೀಳುತ್ತದೆ. ಆಗ ಯಾರೇ ಆದರೂ ಅಂಗೈ ಚಾಚುತ್ತಾರೆ, ಇಡೀ ಭಾರ ಮಣಿಕಟ್ಟಿಗೆ. ಮುಷ್ಟಿ ಕಟ್ಟಿ ಮುಂಗೈ ಪೂರ್ತಿ ಊರಿ ಬೀಳುವುದನ್ನು ಈಗಲೇ ಹಾಸಿಗೆಯ ಮೇಲೆ ಅಭ್ಯಾಸ ಮಾಡಿ. ಹಿಂದಕ್ಕೆ ಬೀಳುವುದಾದರೆ ಕುಕ್ಕರಗಾಲಿಗೆ ಇಳಿದು, ಗದ್ದ ಎದೆಗೆ ಒತ್ತಿಕೊಂಡು ಬೀಳಬೇಕು, ಆಗ ತಲೆಹಿಂಭಾಗ ಬಡಿಯುವುದಿಲ್ಲ. ಏಳುವಾಗ ಮಗ್ಗುಲಾಗಿ ಮೊಣಕಾಲ ಮೇಲೆ ಬಂದು, ಗುಡ್ಡಕ್ಕೆ ಮುಖ ಮಾಡಿ ಎದ್ದರೆ ಸುಲಭ. ಇವತ್ತಿನಿಂದ ದಿನಕ್ಕೆ ಮೂವತ್ತು ಬಸ್ಕಿ ಹೊಡೆಯಲು ಶುರು ಮಾಡಿ, ಹೊರಡುವ ಹೊತ್ತಿಗೆ ನೂರಾಗಲಿ. ತೊಡೆ ಸೋತಾಗಲೇ ಅಂಚು ತಪ್ಪುವುದು.

ಪಾಠ ಸಾಮಾನ್ಯವಾಗಿ ಅರ್ಧ ಬೆಟ್ಟದಲ್ಲಿರುವ ಒಲಿಂಪಿಕ್ ಸ್ಟೇಷನ್‌ನಲ್ಲಿ, ಸುಮಾರು 1,020 ಮೀಟರ್ ಎತ್ತರ. ಅಲ್ಲಿ ನಿಂತ ಹಾಗೇ ಮೇಲಕ್ಕೆ ಒಯ್ಯುವ ಮ್ಯಾಜಿಕ್ ಕಾರ್ಪೆಟ್ ಅನ್ನುವ ಬೆಲ್ಟ್ ಇದೆ. ಹಿಂದಿನ ರಾತ್ರಿ ಹವಾಮಾನದಲ್ಲಿ ಉಷ್ಣಾಂಶ ನೋಡಿದರೆ ಸಾಲದು, 'ಫ್ರೀಜಿಂಗ್ ಲೆವೆಲ್' ನೋಡಬೇಕು, ಅಂದರೆ ಎಷ್ಟು ಮೀಟರ್ ಎತ್ತರದಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುತ್ತದೆ ಅನ್ನುವುದು. ಅದು 600 ಅಂತಿದ್ದರೆ ಊರಿನಲ್ಲೂ ಹಿಮ; 1,500 ಅಂತಿದ್ದರೆ ಕಲಿಯುವ ಜಾಗದಲ್ಲೇ ಮಳೆ. ಅಂಥ ದಿನ ಗಾಗಲ್ಸಿಗೆ ಹಳದಿ ಅಥವಾ ಗುಲಾಬಿ ಗಾಜು ಬೇಕು, ಕಪ್ಪು ಗಾಜಿನಲ್ಲಿ ಹಿಮದ ಏರುತಗ್ಗು ಕಾಣುವುದೇ ಇಲ್ಲ.

ಚೇರ್‌ಲಿಫ್ಟಿನಿಂದ ಇಳಿಯುವಾಗ ಮುಂಗಾಲು ಮಾತ್ರ ಕಟ್ಟಿರುತ್ತದೆ. ಬೋರ್ಡಿನ ಮೂತಿ ನೇರ ಇಟ್ಟು, ಬಿಟ್ಟ ಕಾಲನ್ನು ಹಿಂದಿನ ಬೈಂಡಿಂಗಿಗೆ (ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿ) ಒತ್ತಿ ಬೋರ್ಡಿನ ಮೇಲಿಟ್ಟು ಎದ್ದು ನಿಲ್ಲಬೇಕು, ತಾನಾಗಿ ನಿಲ್ಲುವವರೆಗೆ ತಿರುಗಬಾರದು. ಪುಟ್ಟಿ ಹೆದರಿ ನಿನ್ನ ತೋಳು ಹಿಡಿದರೆ ಇಬ್ಬರೂ ಬೀಳುತ್ತೀರಿ, ಮೊದಲೇ ಹೇಳಿಡು.

ಹಸಿರು ವೃತ್ತದ ಫಲಕವಿರುವ ದಾರಿ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರದ ಕಡೆ ಈ ಸಲ ನೋಡುವುದೂ ಬೇಡ. ಹಸಿರಿನಲ್ಲೂ ಒಂದು ತೊಡಕಿದೆ. ಕೆಲವು ದಾರಿಗಳು ಉದ್ದಕ್ಕೂ ಸಮತಟ್ಟು. ಸ್ಕೀ ಮಾಡುವವರಿಗೆ ಊರಿಕೊಳ್ಳಲು ಕೋಲಿದೆ, ನಮಗಿಲ್ಲ. ವೇಗ ಕಳೆದುಕೊಂಡರೆ ಕಾಲು ಬಿಚ್ಚಿ ತಳ್ಳಿಕೊಂಡೇ ಹೋಗಬೇಕು. ಮುಂದೆ ಇರುವವರಿಗೆ ದಾರಿಯ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಬೇಕು. ಹಗ್ಗ ಕಟ್ಟಿದ ಕಡೆ ದಾಟಲೇಬಾರದು. ದೊಡ್ಡ ಮರಗಳ ಬುಡದಲ್ಲಿ ಕೊಂಬೆಯ ಅಡಿ ಹಿಮ ಸಡಿಲವಾಗಿ ಗುಂಡಿಯಂತಿರುತ್ತದೆ, ತಲೆಕೆಳಗಾಗಿ ಬಿದ್ದರೆ ಉಸಿರು ಕಟ್ಟುತ್ತದೆ, ಒಬ್ಬರೇ ಹೊರಗೆ ಬರಲು ಆಗುವುದಿಲ್ಲ. ಸಂಜೆ ಊರಿನವರೆಗೆ ಬೋರ್ಡಿನಲ್ಲೇ ಇಳಿಯುವ ಆಸೆ ಬೇಡ, ತಂತಿಯಲ್ಲಿ ತೂಗಿಕೊಂಡು ಓಡುವ ಮುಚ್ಚಿದ ಡಬ್ಬಿ, ಗೊಂಡೋಲಾದಲ್ಲಿ ಇಳಿಯೋಣ. ಕೊನೆಯ ಇಳಿಜಾರಿನಲ್ಲಿ ಜನ ತುಂಬಿ, ಹಿಮ ರಾಡಿಯಾಗಿ, ಕಾಲು ಸೋತಿರುತ್ತದೆ.

ಗುರುವಾರ ಮೈಕೈ ನೋವಾಗಿ ಬೋರ್ಡು ಸಾಕೆನಿಸಿದರೂ ಪೀಕ್ ಟು ಪೀಕ್ ಗೊಂಡೋಲಾ ಹತ್ತಲೇಬೇಕು. ವಿಸ್ಲರ್ ಬೆಟ್ಟದಿಂದ ಬ್ಲ್ಯಾಕ್‌ಕೋಂಬ್ ಬೆಟ್ಟಕ್ಕೆ 4.4 ಕಿಲೋಮೀಟರ್, ನಡುವೆ ಒಂದು ಕಡೆ ನೆಲದಿಂದ 436 ಮೀಟರ್ ಎತ್ತರದಲ್ಲಿ ತೂಗುತ್ತದೆ. ಜೋಗದ ಎತ್ತರ 253 ಮೀಟರ್, ಲೆಕ್ಕ ಹಾಕಿ ನೋಡು.

ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳುವಾಗ 'ಒಳಗೊಳ್ಳದವು' ಅನ್ನುವ ಪುಟ ಓದು. ಸ್ಕೀ, ಸ್ನೋಬೋರ್ಡ್, ಸಾಹಸ ಕ್ರೀಡೆ ಅಂತ ಅಲ್ಲಿ ಬರೆದಿದ್ದರೆ ಆ ಪಾಲಿಸಿ ಬೇಡ, ಇಲ್ಲವೇ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಂಡು ಬಾ. ಇಲ್ಲಿ ಹೊರದೇಶದವರಿಗೆ ಒಂದು ಮೂಳೆ ಕೂಡಿಸುವ ಆಸ್ಪತ್ರೆ ಬಿಲ್ಲು ನಿಮ್ಮ ಪ್ರಯಾಣದ ಖರ್ಚನ್ನೇ ಮೀರಬಹುದು.

ಇಬ್ಬರೂ ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಸೆಂಟಿಮೀಟರಿನಲ್ಲಿ ಅಳತೆ ಕಳಿಸಿ. ಚಪ್ಪಲಿ ನಂಬರ್ ಬೇಡ, ಅದು ಇಲ್ಲಿನದಕ್ಕೆ ಹೊಂದುವುದಿಲ್ಲ. ಜೊತೆಗೆ ತೂಕ, ಎತ್ತರ, ಯಾವ ಕಾಲು ಮುಂದೆ ಬಂತು ಅನ್ನುವುದು. ಈ ತಿಂಗಳ 25ರೊಳಗೆ ತಲುಪಿದರೆ ಪಾಸು, ಪಾಠ ಎರಡೂ ಒಟ್ಟಿಗೆ ಕಾದಿರಿಸುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮನ ಕೈಯ ಶೇಂಗಾ ಚಿಕ್ಕಿ ಒಂದು ಡಬ್ಬಿ ಇರಲಿ, ಲಿಫ್ಟಿನಲ್ಲಿ ಕೂತು ತಿನ್ನಲು ಅದಕ್ಕಿಂತ ಒಳ್ಳೆಯದಿಲ್ಲ.

ಇಂತಿ,
ನಿನ್ನ ಅಕ್ಕ