ಕೆಲಸ ಇಲ್ಲದವರ ಕ್ಲಾಕ್ ನಿಲ್ಲಿಸು

ಪ್ರೀತಿಯ ಭಾಗ್ಯಾ,

ನೀನು ಕಳಿಸಿದ ವೆರಿಲಾಗ್ (ಸರ್ಕ್ಯೂಟನ್ನು ಕೋಡ್ ಆಗಿ ಬರೆಯುವ ಭಾಷೆ) ಫೈಲ್ ಪೂರ್ತಿ ಓದಿದೆ. ತೊಗರಿ ಹೊಲದ ತೇವ ಅಳೆಯುವ ಪ್ರಾಜೆಕ್ಟ್ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗಲೇ ಭಾಳ ಖುಷಿ ಆಗಿತ್ತು. ಕೋಡ್ ಚೊಕ್ಕಾಗಿದೆ. ಆದರೆ ‘ಬ್ಯಾಟರಿ ಎರಡು ಪಟ್ಟು ಬರಲಿ ಅಂತ ಕ್ಲಾಕ್ ಅರ್ಧ ಮಾಡ್ತೀನಿ ಕಾಕಾ’ ಅಂತ ಬರೆದಿದ್ದೀಯಲ್ಲ, ಅಲ್ಲಿ ನಿನ್ನನ್ನು ತಡೆಯಲೇಬೇಕು.

ಕ್ಲಾಕ್ ಅಂದರೆ ಚಿಪ್ಪಿನ ಕೆಲಸಕ್ಕೆಲ್ಲ ತಾಳ ಹಾಕುವ ಸಿಗ್ನಲ್. ಅದು 16 ಮೆಗಾಹರ್ಟ್ಸ್ ಇದ್ದದ್ದನ್ನು 8ಕ್ಕೆ ಇಳಿಸಿದರೆ ಪವರ್ ಹತ್ತಿರ ಹತ್ತಿರ ಅರ್ಧ ಆಗುತ್ತದೆ, ಖರೇ. ಆದರೆ ಅದೇ ಲೆಕ್ಕ ಮುಗಿಸಲು ಹೊತ್ತು ಎರಡು ಪಟ್ಟು ಹಿಡಿಯುತ್ತದೆ. ಬ್ಯಾಟರಿಯಿಂದ ಖಾಲಿ ಆಗುವುದು ಎನರ್ಜಿ, ಅಂದರೆ ಪವರನ್ನು ಸಮಯದಿಂದ ಗುಣಿಸಿದ್ದು. ಗುಣಿಸಿ ನೋಡು, ಇದ್ದಲ್ಲೇ ಇರುತ್ತದೆ. ಚಿಪ್ ಜಾಸ್ತಿ ಹೊತ್ತು ಎಚ್ಚರ ಇರುವುದರಿಂದ ಲೀಕೇಜ್, ಅಂದರೆ ಸ್ವಿಚಿಂಗ್ ಇಲ್ಲದಿದ್ದರೂ ಸೋರುವ ಕರೆಂಟ್, ಬೇರೆ ಮೇಲೆ ಸೇರುತ್ತದೆ. ಕ್ಲಾಕ್ ಇಳಿಸಿದ ಜೊತೆಗೆ ವೋಲ್ಟೇಜನ್ನೂ ಇಳಿಸಲು ಬಂದರೆ ಮಾತು ಬೇರೆ, ಯಾಕಂದ್ರೆ ಸ್ವಿಚಿಂಗ್ ಪವರಿನ ಸೂತ್ರದಲ್ಲಿ ವೋಲ್ಟೇಜ್ ವರ್ಗದಲ್ಲಿದೆ: 1 ವೋಲ್ಟ್ ಇದ್ದದ್ದು 0.8ಕ್ಕೆ ಬಂದರೆ ಸ್ವಿಚಿಂಗ್ ಖರ್ಚು 36% ಕಡಿಮೆ. ನಿನ್ನ ಬೋರ್ಡಿನಲ್ಲಿ ಕೋರ್ ವೋಲ್ಟೇಜ್ ಬದಲಿಸಲು ಬರುವುದಿಲ್ಲ. ಹಾಗಾಗಿ ಬೇಗ ಬೇಗ ಕೆಲಸ ಮುಗಿಸಿ ಕ್ಲಾಕ್ ನಿಲ್ಲಿಸು. ನಾನು ಈ ಪತ್ರದಲ್ಲಿ ಹೇಳಬೇಕಾದ್ದು ಇದೊಂದೇ. ಬರೋಬರಿ ನಿಲ್ಲಿಸುವುದು ಹೇಗೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಓದು.

ಕ್ಲಾಕ್ ಮೇಲೆ ಯಾಕೆ ಇಷ್ಟು ಕಣ್ಣು? ಡೇಟಾ ಲೈನ್‌ಗಳು ಯಾವಾಗಲೋ ಒಮ್ಮೆ ಬದಲಾಗುತ್ತವೆ. ಕ್ಲಾಕ್ ಲೈನ್ ಪ್ರತಿ ಸೈಕಲ್‌ನಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಲೇಬೇಕು, ಅದೂ ಚಿಪ್ಪಿನ ಮೂಲೆ ಮೂಲೆಯ ಫ್ಲಿಪ್‌ಫ್ಲಾಪ್‌ಗೆ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಮುಟ್ಟುವ ಬಫರ್‌ಗಳ, ಅಂದರೆ ಸಿಗ್ನಲ್‌ಗೆ ಬಲ ಕೊಡುವ ಗೇಟ್‌ಗಳ ಸಮೇತ. 1992ರಲ್ಲಿ ಡಿಇಸಿ ಕಂಪನಿ ಆಲ್ಫಾ 21064 ಅಂತ 200 ಮೆಗಾಹರ್ಟ್ಸ್ ಪ್ರೊಸೆಸರ್ ತಂದಿತ್ತು. ಆ ಚಿಪ್ಪಿನ ಒಟ್ಟು ಪವರಿನಲ್ಲಿ ಸುಮಾರು 40% ಕ್ಲಾಕ್ ಒಂದಕ್ಕೇ ಹೋಗುತ್ತಿತ್ತು. ನಿನ್ನ ಡಿಸೈನ್ ಚಿಕ್ಕದು, ಆದರೂ ನೋಡು: ಸರಾಸರಿ ಇಡುವ 32 ಬಿಟ್ ರಿಜಿಸ್ಟರ್ ಇದೆಯಲ್ಲ, ಅದಕ್ಕೆ ಹೊಸ ಬೆಲೆ (ವ್ಯಾಲ್ಯೂ) ಬರುವುದು 100 ಸೈಕಲ್‌ಗೆ ಒಮ್ಮೆ ಅಂತ ಹಿಡಿ. ಉಳಿದ 99 ಸೈಕಲ್‌ನಲ್ಲಿ ಆ 32 ಫ್ಲಿಪ್‌ಫ್ಲಾಪ್‌ಗಳ ಕ್ಲಾಕ್ ಪಿನ್ ಸುಮ್ನೆ ಬಡಿದುಕೊಳ್ಳುತ್ತದೆ. ಇದೇ ದಂಡದ ಖರ್ಚು.

ಇದು ನಿನಗೂ ಹೊಳೆದಿದೆ, ಅದಕ್ಕೇ ಕ್ಲಾಕನ್ನೂ ಎನೇಬಲನ್ನೂ (ಈಗ ಕೆಲಸ ಇದೆ ಅಂತ ಹೇಳುವ ಸಿಗ್ನಲ್) ಒಂದು ಆಂಡ್ ಗೇಟಿಗೆ (ಎರಡೂ 1 ಇದ್ದರೆ ಮಾತ್ರ 1 ಕೊಡುವಂಥದ್ದು) ಕೊಟ್ಟು ಹೊಸ ಕ್ಲಾಕ್ ಮಾಡಿಕೊಂಡಿದ್ದೀಯ. ಯೋಚನೆ ಸರಿ, ಅದನ್ನು ಬರೆದ ಆ ಒಂದು ಅಸೈನ್ ಸಾಲು ಮಾತ್ರ ಅಪಾಯ. ಎನೇಬಲ್ ಎಲ್ಲೋ ಲಾಜಿಕ್ ದಾಟಿ ಬರುತ್ತದೆ, ತಡವಾಗಿ ಬರುತ್ತದೆ. ಕ್ಲಾಕ್ ಮೇಲಿರುವಾಗಲೇ ಅದು ಬದಲಾದರೆ ಆಂಡ್ ಗೇಟಿನಿಂದ ಒಂದು ಅರೆಬರೆ ಪಲ್ಸ್ ಹೊರಬೀಳುತ್ತದೆ. ಅಷ್ಟು ಸಣ್ಣ ಪಲ್ಸನ್ನು ಕೆಲವು ಫ್ಲಿಪ್‌ಫ್ಲಾಪ್ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ನಿನ್ನ ಕೌಂಟರ್ 7ರಲ್ಲಿದೆ ಅನ್ನು, 0111. ಮುಂದೆ 8 ಆಗಬೇಕು, 1000, ನಾಲ್ಕೂ ಬಿಟ್ ತಿರುಗಬೇಕು. ಎಡಗಡೆಯ ಎರಡು ತಿರುಗಿ ಬಲಗಡೆಯ ಎರಡು ಹಾಗೇ ಉಳಿದರೆ 1011, ಅಂದರೆ 11! ಕೋಡ್ ಮಟ್ಟದ ಸಾದಾ ಸಿಮ್ಯುಲೇಶನ್‌ನಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಗೇಟ್‌ಗಳ ಡಿಲೇ ಇಲ್ಲ. ಹೊಲದಲ್ಲಿ ಯಾವಾಗಲೋ ಒಮ್ಮೆ ಆಗುತ್ತದೆ, ನೀನು ಸೆನ್ಸರ್ ಕೆಟ್ಟಿದೆ ಅಂತ ತಿಳಿದು ಸೆನ್ಸರ್ ಬದಲಿಸುತ್ತಾ ಕೂರುತ್ತೀಯ.

ಚಿಪ್ ಮಾಡುವವರು ಇದಕ್ಕೆ ಐಸಿಜಿ (ಇಂಟಿಗ್ರೇಟೆಡ್ ಕ್ಲಾಕ್ ಗೇಟಿಂಗ್) ಸೆಲ್ ಅಂತ ಇಟ್ಟುಕೊಂಡಿದ್ದಾರೆ. ಒಳಗೆ ಒಂದು ಲ್ಯಾಚ್ (ತೆರೆದಾಗ ಸಿಗ್ನಲ್ ಒಳಬಿಟ್ಟು, ಮುಚ್ಚಿದಾಗ ಹಿಡಿದಿಡುವಂಥದ್ದು), ಒಂದು ಆಂಡ್ ಗೇಟ್, ಇಷ್ಟೇ. ಕ್ಲಾಕ್ ಕೆಳಗಿರುವಾಗ ಮಾತ್ರ ಲ್ಯಾಚ್ ತೆರೆದಿರುತ್ತದೆ, ಎನೇಬಲ್ ಎಷ್ಟು ಕುಣಿದರೂ ಆಗ ಆಂಡ್ ಗೇಟಿನ ಔಟ್‌ಪುಟ್ ಸೊನ್ನೆಯೇ. ಕ್ಲಾಕ್ ಮೇಲೇರಿದ ಕೂಡಲೇ ಲ್ಯಾಚ್ ಮುಚ್ಚುತ್ತದೆ, ಆಮೇಲೆ ಎನೇಬಲ್ ಬದಲಾದರೂ ಒಳಗೆ ಬರುವುದಿಲ್ಲ. ಹೊರಗೆ ಬಂದರೆ ಪೂರ್ತಿ ಪಲ್ಸ್, ಇಲ್ಲದಿದ್ದರೆ ಏನೂ ಇಲ್ಲ. ಇದನ್ನು ಕಾಗದದ ಮೇಲೆ ಒಮ್ಮೆ ನೀನೇ ವೇವ್‌ಫಾರ್ಮ್ ಬರೆದು ನೋಡು, ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆ ಅಂತಲ್ಲ, ಒಮ್ಮೆ ಕೈಯಿಂದ ಬರೆದರೆ ಮರೆಯುವುದಿಲ್ಲ.

ಹಾಗಂತ ಕೋಡ್‌ನಲ್ಲಿ ಆ ಸೆಲ್ ಕೂಡಿಸುತ್ತಾ ಹೋಗಬೇಡ. ಎನೇಬಲ್ ಇದ್ದರೆ ಹೊಸ ಬೆಲೆ ತಗೋ ಅಂತ ಒಂದು ಇಫ್ ಬರಿ, ಎಲ್ಸ್ ಬರೆಯಬೇಡ. ಚಿಪ್ಪಿಗೆ ಸಿಂಥೆಸಿಸ್ ಮಾಡುವಾಗ, ಅಂದರೆ ಕೋಡನ್ನು ಗೇಟ್‌ಗಳಾಗಿ ಬದಲಿಸುವಾಗ, ಕ್ಲಾಕ್ ಗೇಟಿಂಗ್ ಆನ್ ಮಾಡಿದ್ದರೆ ಟೂಲ್ ಇದನ್ನು ನೋಡಿ ತಾನೇ ಐಸಿಜಿ ಕೂಡಿಸುತ್ತದೆ. ಒಂದೆರಡು ಬಿಟ್‌ಗೆಲ್ಲ ಒಂದೊಂದು ಬೇಡ, ಆ ಸೆಲ್‌ನ ಖರ್ಚೇ ಉಳಿತಾಯಕ್ಕಿಂತ ಜಾಸ್ತಿ ಆಗುತ್ತದೆ. ಕ್ಲಾಕ್ ಟ್ರೀಯಲ್ಲಿ (ಕ್ಲಾಕ್ ಹಂಚುವ ಬಫರ್‌ಗಳ ಕವಲು) ಮೇಲಕ್ಕೆ ಇಟ್ಟಷ್ಟೂ ಕೆಳಗಿನ ಬಫರ್‌ಗಳೂ ನಿಲ್ಲುತ್ತವೆ, ಲಾಭ ದೊಡ್ಡದು, ಆದರೆ ಅಲ್ಲಿಗೆ ಕ್ಲಾಕ್ ಬೇಗ ಬರುವುದರಿಂದ ಎನೇಬಲ್ ಕೂಡ ಬೇಗ ಮುಟ್ಟಬೇಕು. ನಿನ್ನ ಬೋರ್ಡಿನ ಎಫ್‌ಪಿಜಿಎಯಲ್ಲಿ (ಬೇಕಾದ ಸರ್ಕ್ಯೂಟ್ ಆಗಿ ರೂಪಿಸಿಕೊಳ್ಳಬಹುದಾದ ಚಿಪ್) ಅದೇ ಇಫ್ ಫ್ಲಿಪ್‌ಫ್ಲಾಪ್‌ನ ಕ್ಲಾಕ್ ಎನೇಬಲ್ ಪಿನ್‌ಗೆ ಹೋಗುತ್ತದೆ. ಒಂದು ಬ್ಲಾಕ್‌ನ ಕ್ಲಾಕನ್ನೇ ನಿಲ್ಲಿಸಬೇಕಿದ್ದರೆ ಕ್ಸೈಲಿಂಕ್ಸ್ ಬೋರ್ಡಿನಲ್ಲಿ ಬಿಯುಎಫ್‌ಜಿಸಿಇ ಅಂತ ಬಫರ್ ಇದೆ, ಅದನ್ನೇ ಬಳಸು.

ರಿಸೆಟ್ ನೆನಪಿಡು. ನೀನು ಬರೆದಿರುವುದು ಸಿಂಕ್ರೊನಸ್ ರಿಸೆಟ್, ಅಂದರೆ ಕ್ಲಾಕ್ ಬಡಿದಾಗ ಮಾತ್ರ ಎಲ್ಲವನ್ನೂ ಮೊದಲ ಸ್ಥಿತಿಗೆ ತರುವಂಥದ್ದು; ಕ್ಲಾಕ್ ನಿಂತಿದ್ದರೆ ಅದು ತಾಗುವುದೇ ಇಲ್ಲ. ರಿಸೆಟ್ ಇರುವಷ್ಟು ಹೊತ್ತು ಕ್ಲಾಕ್ ಹರಿಯಲು ಬಿಡು.

ಇನ್ನು ಹೊಲದ ವಿಷಯ. ಕ್ಲಾಕ್ ನಿಂತರೆ ಸ್ವಿಚಿಂಗ್ ನಿಲ್ಲುತ್ತದೆ, ಲೀಕೇಜ್ ನಿಲ್ಲುವುದಿಲ್ಲ. ಅದು ಬಿಸಿಯ ಜೊತೆ ಏರುತ್ತದೆ, ಅದೂ ಜೋರಾಗಿ. ಬೆಂಗಳೂರಿನ ಎಸಿ ಲ್ಯಾಬ್‌ನಲ್ಲಿ ಅಳೆದ ಅಂಕಿ ನಮ್ಮ ಮೇ ತಿಂಗಳ ಬಿಸಿಲಿಗೆ ನಿಲ್ಲುವುದಿಲ್ಲ. ಆಗ ತೊಗರಿ ಹೊಲ ಖಾಲಿ ಇರುತ್ತದೆ, ಸರ್ಕ್ಯೂಟ್ ಇಟ್ಟ ಡಬ್ಬಿ ಮಾತ್ರ ಅಲ್ಲೇ ಇರುತ್ತದೆ. ಹೊರಗೆ 43 ಡಿಗ್ರಿ ಇದ್ದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇನ್ನೂ ಜಾಸ್ತಿ, ಅಲ್ವಾ? ಆದ್ದರಿಂದ ಎಫ್‌ಪಿಜಿಎ ಕಾಲೇಜಿನ ಟೇಬಲ್ ಮೇಲೆ ಕಲಿಯಲು ಇರಲಿ. ಹೊಲಕ್ಕೆ ಸಣ್ಣ ಮೈಕ್ರೋಕಂಟ್ರೋಲರ್ ಸಾಕು. ಅದು ಗಾಢ ನಿದ್ದೆಗೆ ಹೋದಾಗ 32,768 ಹರ್ಟ್ಸ್‌ನ ಗಡಿಯಾರದ ಕ್ರಿಸ್ಟಲ್ ಒಂದೇ ಓಡುತ್ತಿರಲಿ. ಆ ಅಂಕಿ 2ರ 15ನೇ ಘಾತ, ಒಂದೊಂದೂ ಅರ್ಧ ಮಾಡುವ 15 ಫ್ಲಿಪ್‌ಫ್ಲಾಪ್‌ನಿಂದ ಭಾಗಿಸಿದರೆ ನೆಟ್ಟಗೆ ಒಂದು ಸೆಕೆಂಡ್ ಸಿಗುತ್ತದೆ. ತೇವ ನಿಮಿಷ ನಿಮಿಷಕ್ಕೆ ಬದಲಾಗುವುದಿಲ್ಲ, ತಾಸಿಗೊಮ್ಮೆ ಎದ್ದು ಅಳೆದು ಕಳಿಸಿ ಮಲಗಲಿ. ಎದ್ದಾಗಲೂ ಬೇಕಾದ ಪೆರಿಫೆರಲ್‌ಗೆ (ಚಿಪ್ಪಿನೊಳಗಿನ ಸಹಾಯಕ ಭಾಗ) ಮಾತ್ರ ಕ್ಲಾಕ್ ಕೊಡು, ಎಡಿಸಿ (ಸೆನ್ಸರಿನ ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಕೆಲಸ ಮುಗಿದ ಕೂಡಲೇ ಅದರದ್ದು ಮುಚ್ಚು.

ಮೊದಲು ಆ ಅಸೈನ್ ಸಾಲು ತೆಗೆ. ಪವರ್ ರಿಪೋರ್ಟ್ ತೆಗೆಯುವಾಗ ಟೂಲ್ ತಾನಾಗಿ ಹಿಡಿಯುವ ಟಾಗಲ್ (ಸಿಗ್ನಲ್ ಎಷ್ಟು ಸಲ ಬದಲಾಗುತ್ತದೆ ಅನ್ನುವುದು) ಅಂದಾಜು ನಂಬಬೇಡ, ಸಿಮ್ಯುಲೇಶನ್‌ನಲ್ಲಿ ಆ ಬದಲಾವಣೆ ದಾಖಲಾಗುವ ವಿಸಿಡಿ ಫೈಲಿನಿಂದ ನಿಜವಾದ ಟಾಗಲ್ ಕೊಡು. ಗೇಟಿಂಗ್ ಇಲ್ಲದ್ದು ಒಂದು, ಇದ್ದದ್ದು ಒಂದು, ಎರಡೂ ರಿಪೋರ್ಟ್ ನನಗೆ ಕಳಿಸು. ಹಬ್ಬಕ್ಕೆ ಊರಿಗೆ ಬಂದಾಗ ಬೋರ್ಡ್ ತಗೊಂಡು ಬಾ, ಮೀಟರ್ ನನ್ನ ಹತ್ತಿರ ಇದೆ, ಕೂತು ಕರೆಂಟ್ ಅಳೆಯೋಣ.

ನಿನ್ನ ಕಾಕಾ,
ಕಲಬುರಗಿ