ಲೂಥರ್ ಪುಸ್ತಕ ಕಿತ್ತು ಒಗದಿಲ್ರಿ, ರೋಮ್‌ನವ್ರೂ ನಿಂತಲ್ಲೇ ನಿಂತಿಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ರವಿವಾರದ ಪುರವಣಿಯೊಳಗ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಬಗ್ಗೆ ಬಂದಿದ್ದ ಲೇಖನ ಓದಿದೆ. ಇಂಥಾ ವಿಷಯಕ್ಕ ಅರ್ಧ ಪುಟ ಕೊಟ್ರಲ್ಲ ಅದು ಛಲೋ ಆತು, ಇಲ್ಲಾಂದ್ರ ಕ್ರಿಸ್‌ಮಸ್ ಬಂದಾಗ ಕೇಕು, ಗೋದಲಿ, ನಕ್ಷತ್ರದ ಫೋಟೋ ಹಾಕಿ ಮುಗಿಸಿಬಿಡ್ತಾರ. ಆದ್ರ ಅದರಾಗಿನ ಎರಡು ಮಾತು ನನಗ ಗಂಟಲಾಗ ಇಳೀಲಿಲ್ಲ. ಕ್ಯಾಥೊಲಿಕ್ ಸಿದ್ಧಾಂತ ಯೇಸುವಿನ ಕಾಲದಿಂದ ಒಂದಕ್ಷರ ಬದಲಾಗದ ಬಂದೈತಿ ಅಂತ ಒಂದು, ಪ್ರಾಟೆಸ್ಟೆಂಟ್ ಚಳುವಳಿ ಎಬ್ಬಿಸಿದ ಜರ್ಮನಿಯ ಮಾರ್ಟಿನ್ ಲೂಥರ್ ಬೈಬಲ್‌ನಿಂದ ಏಳು ಪುಸ್ತಕ ಕಿತ್ತು ಒಗದು ಹೊಸಾ ಧರ್ಮ ಕಟ್ಟಿದ ಅಂತ ಇನ್ನೊಂದು. ನನ್ನ ಕೇಳಿದ್ರ ಈಗಿನ ಕ್ಯಾಥೊಲಿಕ್ ಸಿದ್ಧಾಂತ, ಈಗಿನ ಪ್ರಾಟೆಸ್ಟೆಂಟ್ ಸಿದ್ಧಾಂತ ಎರಡೂ ಒಂದೇ ಜಗಳದಾಗ ಎದುರಾಬದುರಾ ಕುಂತು ಗಟ್ಟಿ ಆದವು, ಒಬ್ಬರನ್ನ ಬಿಟ್ಟು ಇನ್ನೊಬ್ಬರ ಚರಿತ್ರೆ ಬರಿಯಾಕ ಬರಂಗಿಲ್ಲ.

ಮೊದಲ ಆ ಪುಸ್ತಕದ ಮಾತು. ನಂದು ಹುಬ್ಬಳ್ಳಿ, ಸಿಎಸ್‌ಐ ಅಂದ್ರ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರಾಟೆಸ್ಟೆಂಟ್ ಮನಿತನ, ನಮ್ಮಾಕಿ ಕ್ಯಾಥೊಲಿಕ್, ಹಿಂಗಾಗಿ ಮನ್ಯಾಗ ಎರಡು ಬೈಬಲ್ ಅದಾವ. ನಂದ್ರಾಗ 66 ಪುಸ್ತಕ, ಆಕಿದ್ರಾಗ 73. ಹೆಚ್ಚಿನ ಏಳು ಯಾವು ಅಂದ್ರ ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮತ್ತ ಮಕ್ಕಬಿಯರ ಎರಡು ಪುಸ್ತಕ. ಇವು ಗ್ರೀಕ್ ಹಳೆ ಒಡಂಬಡಿಕೆಯೊಳಗ ಇದ್ವು, ಯೆಹೂದ್ಯರ ಹೀಬ್ರೂ ಪಟ್ಟಿಯೊಳಗ ಇದ್ದಿಲ್ಲ. ಇವನ್ನ ಬ್ಯಾರೆ ಇಡಬೇಕು ಅಂತ ಲೂಥರ್‌ಗಿಂತ ಸಾವಿರ ವರ್ಷ ಹಿಂದ ಸಂತ ಜೆರೋಮ್ ಹೇಳಿದ್ರು, ಬೈಬಲ್ಲನ್ನ ಲ್ಯಾಟಿನ್‌ಗೆ ತಂದಂಥಾ ಜೆರೋಮ್ ಅವ್ರೇ, ಅದಾ ಕಾಲದ ಬಿಷಪ್ ಸಂತ ಅಗಸ್ಟೀನ್ ಒಪ್ಪಲಿಲ್ಲ. ಲೂಥರ್ 1534ರಾಗ ಪೂರ್ತಿ ಜರ್ಮನ್ ಬೈಬಲ್ ಅಚ್ಚು ಹಾಕಿಸಿದಾಗ ಅವನ್ನ ಒಗೀಲಿಲ್ಲ, ಹಳೆ ಒಡಂಬಡಿಕೆಗೂ ಹೊಸದಕ್ಕೂ ನಡುವ ಬ್ಯಾರೆ ಭಾಗ ಮಾಡಿ ಇಟ್ಟ, ಇವು ಪವಿತ್ರ ಗ್ರಂಥಕ್ಕ ಸಮ ಅಲ್ಲ ಆದ್ರ ಓದಾಕ ಒಳ್ಳೇವು ಅಂತ ಮ್ಯಾಲೆ ಬರದ. ಇತ್ಲಾಗ ರೋಮ್‌ನವ್ರು 1442ರಾಗ ಫ್ಲಾರೆನ್ಸ್ ಸಭಾದಾಗ, ಅಂದ್ರ ಬಿಷಪ್‌ರು ಕೂಡೂ ಮಹಾಸಭಾದಾಗ, ಈ ಏಳೂ ಸೇರಿಸಿ ಪಟ್ಟಿ ಓದಿದ್ರು ಖರೆ, ಆದ್ರ ಇದನ್ನ ಒಪ್ಪದಾವ ಬಹಿಷ್ಕೃತ ಅಂತ ಮೊಳಿ ಹೊಡದದ್ದು ಟ್ರೆಂಟ್ ಸಭಾ, 1546ರ ಏಪ್ರಿಲ್‌ನಾಗ, ಆವಾಗ ಲೂಥರ್ ಸತ್ತು ಎರಡು ತಿಂಗಳೂ ಆಗಿದ್ದಿಲ್ಲ. ಹಂಗಾರ ನಮ್ಮ ಬೈಬಲ್‌ನಿಂದ ಅವು ಹೋದದ್ದು ಯಾವಾಗಪಾ ಅಂದ್ರ, ಜಿನೀವಾದ ಸುಧಾರಕ ಕ್ಯಾಲ್ವಿನ್ ಕಡೆಯವ್ರು ಮೊದಲಿಂದ ಬಿಗಿ ಇದ್ರು ಅನ್ನೂದು ಬ್ಯಾರೆ, ಆದ್ರೂ 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್‌ನಾಗ ಸೈತ ಇದ್ವು. 1826ರಾಗ ಲಂಡನ್ನಿನ ಬೈಬಲ್ ಸೊಸೈಟಿ ಇವುಗಳ ಅಚ್ಚಿಗೆ ರೊಕ್ಕ ಕೊಡಂಗಿಲ್ಲ ಅಂತ ಠರಾವು ಮಾಡಿತು, ಆಮೇಲೆ ಬಹುಪಾಲು ಕಡೆ ಮಾಯ ಆದ್ವು. ಲೂಥರ್ ಸತ್ತು 280 ವರ್ಷದ ಮ್ಯಾಲೆ ಕಮಿಟಿ ಮಾಡಿದ ತೀರ್ಮಾನ, ಬೈಗುಳ ಲೂಥರ್‌ಗೆ.

ಏಳು ಪುಸ್ತಕ ಇದ್ರೇನು ಬಿಟ್ರೇನು ಅಂತ ಅನ್ನಸಬಹುದು ನಿಮಗ. ನವೆಂಬರ್ 2ಕ್ಕ ನಮ್ಮ ಅತ್ತಿ ಸಮಾಧಿ ಹತ್ರ ಹೋಗಿ ಕಸ ಕಿತ್ತು, ಶಿಲುಬಿಗೆ ಸೇವಂತಿ ಮಾಲಿ ಹಾಕಿ, ಮೇಣಬತ್ತಿ ಗಾಳಿಗೆ ಆರಬಾರ್ದು ಅಂತ ಅರ್ಧ ತೆಂಗಿನ ಚಿಪ್ಪಿನಾಗ ನಿಲ್ಲಿಸಿ ನಮ್ಮ ಮಾವನ ಆತ್ಮದ ಸಲುವಾಗಿ ಪ್ರಾರ್ಥನಾ ಮಾಡ್ತಾರ. ನಮ್ಮ ಮನಿತನದಾಗ ಸತ್ತವರನ್ನ ನೆನಸ್ತೀವಿ, ದೇವರಿಗೆ ಸ್ತೋತ್ರ ಹೇಳ್ತೀವಿ, ಅವರ ಸಲುವಾಗಿ ಬೇಡ್ಕೊಳ್ಳಂಗಿಲ್ಲ. ಆಧಾರ ಎಲ್ಲೈತ್ರಿ ಅಂತ ಕೇಳಿದ್ರ ಕ್ಯಾಥೊಲಿಕ್‌ರು ತೋರಸೂದು ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯ, ಯುದ್ಧದಾಗ ಸತ್ತವರ ಪಾಪ ಪರಿಹಾರಕ್ಕ ಯೂದ ಮಕ್ಕಬಿ ರೊಕ್ಕ ಕೂಡಿಸಿ ಜೆರುಸಲೇಮಿಗೆ ಕಳಿಸಿದ ಕತಿ. ನನ್ನ ಬೈಬಲ್‌ನಾಗ ಆ ಪುಟಾನ ಇಲ್ಲ!

ಸತ್ತವರ ಸಲುವಾಗಿ ಪ್ರಾರ್ಥನಾ ಬಾಳ ಹಳೇದು, ಕ್ರಿ.ಶ. 200ರ ಆಸುಪಾಸು ತೆರ್ತುಲ್ಲಿಯನ್ ಬರಹದಾಗನ ಬರ್ತೈತಿ. ಆದ್ರ ಪರ್ಗೆಟರಿ ಅಂದ್ರ ಸತ್ತ ಮ್ಯಾಲೆ ಆತ್ಮ ಶುದ್ಧ ಆಗೂ ಸ್ಥಿತಿ ಅನ್ನೂದನ್ನ ಸಭಾದಾಗ ಸಿದ್ಧಾಂತ ಅಂತ ಹೇಳಿದ್ದು 1274ರಾಗ ಲಿಯೊನ್‌ನಾಗ, ಮತ್ತ 1439ರಾಗ ಫ್ಲಾರೆನ್ಸ್‌ನಾಗ. 1476ರಾಗ ಪೋಪ್ ನಾಲ್ಕನೇ ಸಿಕ್ಸ್‌ಟಸ್ ಪಾಪದ ಶಿಕ್ಷಾ ಮಾಫಿ ಮಾಡೂ ಇಂಡಲ್ಜೆನ್ಸ್ ಪತ್ರ ಸತ್ತವರ ಹೆಸರಿಲೇನೂ ತಗೋಬಹುದು ಅಂದ, ಅಲ್ಲಿಂದ ಧಂದೆ ಜೋರಾತು, ಸೇಂಟ್ ಪೀಟರ್ ಚರ್ಚ್ ಕಟ್ಟಾಕ ಅಂತ ಟೆಟ್ಜೆಲ್ ಅನ್ನೂ ಸನ್ಯಾಸಿ ಜರ್ಮನಿಯೊಳಗ ಮಾರಕೊಂತ ತಿರುಗಿದ, ಅದರಾಗ ಅರ್ಧ ರೊಕ್ಕ ಮೈನ್ಸ್‌ನ ಆರ್ಚ್‌ಬಿಷಪ್ ಮಾಡಿದ ಸಾಲಕ್ಕ ಫುಗ್ಗರ್ ಸಾವಕಾರರ ಕಡೆ ಹೋಗೂದಿತ್ತು. 1517ರಾಗ ಲೂಥರ್ ಎದ್ದದ್ದು ಇದರ ಮ್ಯಾಲೆ. ಆವಾಗ ಅವ ವಾದಕ್ಕ ಮುಂದಿಟ್ಟ 95 ವಾಕ್ಯದಾಗ ಪರ್ಗೆಟರಿ ಇಲ್ಲ ಅಂತ ಎಲ್ಲೂ ಇಲ್ರಿ, ಇದೆ ಅಂತ ಹಿಡಕೊಂಡೇ ವಾದ ಮಾಡ್ಯಾನ, ಅದನ್ನ ಪೂರಾ ತಳ್ಳಿ ಹಾಕಿದ್ದು 1530ರಾಗ, ಅಂದ್ರ ಅವನೊಳಗೂ ಹದಿಮೂರು ವರ್ಷ ಸಿದ್ಧಾಂತ ನಡದಾಡ್ತಿತ್ತು. ಇನ್ನ ಟ್ರೆಂಟ್‌ನವ್ರು 1563ರಾಗ ಪರ್ಗೆಟರಿ ಐತಿ ಅಂದ್ರು, ಆದ್ರ ಅದರ ಹೆಸರಿಲೆ ಹೊಲಸು ಲಾಭ ಮಾಡಬಾರ್ದು ಅಂತಾನೂ ಹೇಳಿದ್ರು, 1567ರಾಗ ಐದನೇ ಪಯಸ್ ರೊಕ್ಕ ತಗೊಂಡು ಕೊಡೂ ಇಂಡಲ್ಜೆನ್ಸ್ ಎಲ್ಲಾ ರದ್ದು ಮಾಡಿದ. ಲೂಥರ್ ಕೂಗಿ ಐವತ್ತು ವರ್ಷಕ್ಕ ಪೋಪ್‌ನ ಕೈಲೆ ಆತು. ಇದನ್ನ "ಬದಲಾಗಿಲ್ಲ" ಅಂತ ಹೆಂಗ ಬರೀತೀರಿ?

ನಮ್ಮ ಕಡೆಯವ್ರಿಗೂ ಒಂದು ಮಾತು ಹೇಳಬೇಕು, ಯಾಕಂದ್ರ "ನಮಗ ಬೈಬಲ್ ಒಂದೇ ಸಾಕು, ಸಭಾ-ಗಿಭಾ ಬ್ಯಾಡ" ಅನ್ನೂ ಡೌಲು ನಮ್ಮವ್ರೊಳಗ ಭಾಳ. ತಂದಿ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೂ ತ್ರಿಯೇಕ ದೇವರ ಸೂತ್ರ ಬೈಬಲ್‌ನಾಗ ಒಂದು ವಾಕ್ಯದಾಗ ಬರದಿಟ್ಟಿಲ್ಲ. ಮಗ ಯೇಸು ತಂದಿಗೆ ಸಮ ಅಲ್ಲ ಅಂತ ಆರಿಯಸ್ ಅನ್ನೂ ಪಾದ್ರಿ ವಾದ ಮಾಡಿದಾಗ 325ರಾಗ ನಿಸೀಯದೊಳಗ ಸಭಾ ಕೂಡ್ತು, ಅಲ್ಲಿಗೂ ಮುಗೀಲಿಲ್ಲ, ನಿಸೀಯದ ಪರ ನಿಂತ ಅಥನಾಸಿಯಸ್ ಬಿಷಪ್ ಐದು ಸಲ ಗಡಿಪಾರಾದ್ರು, 381ರಾಗ ಕಾನ್‌ಸ್ಟಾಂಟಿನೋಪಲ್, ಯೇಸು ಪೂರ್ಣ ದೇವರು ಪೂರ್ಣ ಮನುಷ್ಯ ಅನ್ನೂದಕ್ಕ 451ರಾಗ ಕ್ಯಾಲ್ಸಿಡನ್. ಇದನ್ನೆಲ್ಲಾ ಲೂಥರ್, ಕ್ಯಾಲ್ವಿನ್ ಇಬ್ಬರೂ ಹಂಗಹಂಗಾನ ಇಟ್ಕೊಂಡ್ರು. ನಮ್ಮ ಚರ್ಚಿನಾಗ ಹೇಳೂ ನಿಸೀಯ ವಿಶ್ವಾಸ ಪ್ರಮಾಣ ನಮ್ಮಾಕಿ ಚರ್ಚಿನಾಗೂ ಹೇಳ್ತಾರ.

ಮತ್ತ ಪ್ರಾಟೆಸ್ಟೆಂಟ್ ಅಂದ್ರ ಒಂದೇ ಗುಂಪು ಅಂತ ಲೇಖಕರು ತಿಳಕೊಂಡಂಗ ಐತಿ. 1529ರಾಗ ಮಾರ್ಬುರ್ಗ್‌ನಾಗ ಲೂಥರ್ ಮತ್ತ ಸ್ವಿಸ್ ಕಡೆ ಸುಧಾರಕ ಝ್ವಿಂಗ್ಲಿ ಕೂತ್ರು, 15 ವಿಷಯದಾಗ 14 ಒಪ್ಪಿದ್ರು, ಉಳಿದದ್ದು ಪ್ರಭುಭೋಜನದ ರೊಟ್ಟಿಯೊಳಗ ಕ್ರಿಸ್ತ ಹೆಂಗ ಇರ್ತಾನ ಅನ್ನೂದು. "ಇದು ನನ್ನ ದೇಹ" ಅನ್ನೂ ಯೇಸುವಿನ ಮಾತನ್ನ ಲೂಥರ್ ಮೇಜಿನ ಮ್ಯಾಲೆ ಖಡುವಿಲೆ ಬರದು ಮುಂದಿಟ್ಕೊಂಡು ಕುಂತ, ಜಪ್ಪಯ್ಯ ಅಂದ್ರೂ ಸರೀಲಿಲ್ಲ. ಎರಡು ಬ್ಯಾರೆ ಬ್ಯಾರೆ ಚರ್ಚ್ ಆದ್ವು. ಈ ಜಗಳ ನಮ್ಮ ಧಾರವಾಡಕ್ಕ ಯಾಕ ಬರಲಿಲ್ಲ ಗೊತ್ತೇನ್ರಿ, 1815ರಾಗ ಹುಟ್ಟಿದ ಬಾಸೆಲ್ ಮಿಶನ್ನಿನಾಗ ಲೂಥರನ್‌ರೂ ಇದ್ರು, ಝ್ವಿಂಗ್ಲಿ-ಕ್ಯಾಲ್ವಿನ್ ಕಡೆಯ ರಿಫಾರ್ಮ್ಡ್ ಮಂದೀನೂ ಇದ್ರು, ಅವ್ರಿಗೆ ಸಿದ್ಧಾಂತದ ಗೆರಿಗಿಂತ ಭಕ್ತಿ ದೊಡ್ಡದಿತ್ತು. ಅವ್ರು 1837ರಾಗ ಧಾರವಾಡಕ್ಕ, 1839ಕ್ಕ ಹುಬ್ಬಳ್ಳಿಗೆ, 1841ಕ್ಕ ಬೆಟಗೇರಿಗೆ ಬಂದ್ರು. ನಮ್ಮ ಮಂದಿಗೆ ಅವರ ಸಾಲಿ ಗೊತ್ತು, ಕಿಟೆಲ್ ಡಿಕ್ಷನರಿ ಗೊತ್ತು, ಗದಗ-ಬೆಟಗೇರಿ ಜರ್ಮನ್ ದವಾಖಾನಿ ಗೊತ್ತು, ಸರ್ವಜ್ಞನ ವಚನ ಕೂಡಿಸಿದ ಉತ್ತಂಗಿ ಚನ್ನಪ್ಪನವರು ಪಾದ್ರಿ ಇದ್ರು ಅನ್ನೂದೂ ಗೊತ್ತಿರಬಹುದು, ಇವರು ಏನು ನಂಬ್ತಿದ್ರು ಅಂತ ಯಾರೂ ಕೇಳಂಗಿಲ್ಲ. 1947ರಾಗ ಮದ್ರಾಸಿನಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಚರ್ಚ್‌ಗಳು ಕೂಡಿ ಸಿಎಸ್‌ಐ ಆತು, ಆಮೇಲೆ ನಮ್ಮ ಕಡೆ ಬಾಸೆಲ್ ಸಭಾಗಳೂ ಸೇರಿದ್ವು, ಬಿಷಪ್ ಇಲ್ಲದವ್ರಿಗೆ ಬಿಷಪ್ ಬಂದ್ರು.

ಮೂಲ ಜಗಳ ಮನುಷ್ಯ ದೇವರ ಮುಂದ ನೀತಿವಂತ ಆಗೂದು ಹೆಂಗ ಅನ್ನೂದು. ನಂಬಿಕೆಯಿಂದ ಮಾತ್ರ ಅಂತ ಲೂಥರ್. 1541ರಾಗ ರೆಗೆನ್ಸ್‌ಬುರ್ಗ್‌ನಾಗ ರೋಮ್ ಕಡೆ ಕಾರ್ಡಿನಲ್ ಕೊಂಟಾರಿನಿ, ಈ ಪ್ರಾಟೆಸ್ಟೆಂಟ್ ಕಡೆ ಮೆಲಾಂಕ್ಟನ್, ಬುಟ್ಸರ್ ಕೂಡಿ ಇದೊಂದ್ರಾಗ ಒಪ್ಪಂದದ ಕಾಗದಾನೂ ಬರದ್ರು, ಆದ್ರ ರೊಟ್ಟಿ-ದ್ರಾಕ್ಷಾರಸದ ವಿಷಯಕ್ಕ ಮಾತುಕತಿ ಮುರೀತು, ಲೂಥರ್‌ಗೂ ರೋಮ್‌ಗೂ ಇಬ್ಬರಿಗೂ ಆ ಕಾಗದ ಪಸಂದ್ ಬೀಳಲಿಲ್ಲ. 1547ರಾಗ ಟ್ರೆಂಟ್ ಸಭಾ "ನಂಬಿಕೆಯಿಂದ ಮಾತ್ರ" ಅನ್ನೂದನ್ನ ತಳ್ಳಿ ಹಾಕಿ ಬಾಗಲಾ ಹಾಕಿತು. ಮುಂದ 1999ರ ಅಕ್ಟೋಬರ್ 31ಕ್ಕ ಔಗ್ಸ್‌ಬುರ್ಗ್‌ನಾಗ ಲೂಥರನ್ ಒಕ್ಕೂಟ ಮತ್ತ ವ್ಯಾಟಿಕನ್ ಕೂಡಿ ಇದರ ಮೂಲ ಮಾತಿನಾಗ ನಾವು ಒಂದೇ ಅಂತ ಸಹಿ ಹಾಕಿದ್ರು, 2006ಕ್ಕ ಮೆಥೊಡಿಸ್ಟ್‌ರು, 2017ಕ್ಕ ರಿಫಾರ್ಮ್ಡ್‌ನವ್ರು ಸೇರಿದ್ರು. ಲೇಖನದಾಗ ಇದರ ಸುದ್ದೀನ ಇಲ್ಲ, 1517ಕ್ಕ ಗಡಿಯಾರ ನಿಂತಂಗ ಬರದಾರ.

ಬದಲಾಗಿಲ್ಲ ಅನ್ನೂ ಮಾತಿಗೆ ಕ್ಯಾಥೊಲಿಕ್ ಪಂಡಿತರಾ ಒಪ್ಪಂಗಿಲ್ಲ. ಜಾನ್ ಹೆನ್ರಿ ನ್ಯೂಮನ್ ಆಂಗ್ಲಿಕನ್ ಪಾದ್ರಿ ಇದ್ದಾವ್ರು, 1845ರಾಗ ಸಿದ್ಧಾಂತ ಬೆಳಿತೈತಿ, ಬೆಳೀದಿದ್ರ ಅದಕ್ಕ ಜೀವ ಇಲ್ಲ ಅಂತ ಒಂದು ದೊಡ್ಡ ಪುಸ್ತಕಾನ ಬರದು ಅದಾ ವರ್ಷ ಕ್ಯಾಥೊಲಿಕ್ ಆದ್ರು, 2019ರಾಗ ಸಂತ ಅಂತ ಘೋಷಣಾ ಆತು. ಯಾವ ಬೆಳವಣಿಗಿ ಖರೇದು, ಯಾವುದು ಕೆಟ್ಟದ್ದು ಅಂತ ಅಳಿಯಾಕ ಏಳು ಗುರ್ತು ಕೊಟ್ಟಾರ. ಭಾರಿ ಬುದ್ಧಿವಂತಿಕಿ, ಆದ್ರ ಅಳತಿ ಹಿಡದಾಗೆಲ್ಲಾ ರೋಮ್‌ನಾ ಪಾಸ್ ಆಗ್ತೈತಿ, ಅದು ನನಗ ಸ್ವಲ್ಪ ಸಂಶಯ! ಮರಿಯಮ್ಮನವರು ಜನ್ಮಪಾಪ ಇಲ್ಲದ ಗರ್ಭದಾಗ ಬಂದ್ರು ಅನ್ನೂದು ಕಡ್ಡಾಯ ಸಿದ್ಧಾಂತ ಆದದ್ದು 1854ರಾಗ, ದೇಹಸಮೇತ ಸ್ವರ್ಗಕ್ಕ ಹೋದ್ರು ಅನ್ನೂದು 1950ರಾಗ. ಎರಡರ ಬಗ್ಗೆನೂ ಹಳೆ ಭಕ್ತಿ ಇತ್ತು, ಹಬ್ಬ ಇದ್ವು, ಆದ್ರ 13ನೇ ಶತಮಾನದ ಥಾಮಸ್ ಅಕ್ವಿನಾಸ್ ಸೈತ ಮೊದಲನೇದನ್ನ ಒಪ್ಪಿದ್ದಿಲ್ಲ.

ಪೋಪ್ ತಪ್ಪೇ ಮಾಡಂಗಿಲ್ಲ ಅಂತ ಕ್ಯಾಥೊಲಿಕ್‌ರ ನಂಬಿಕಿ ಅಂತಾನೂ ಬರದಾರ, ಅದೂ ಅಲ್ಲ. 1870ರ ಜುಲೈ 18ಕ್ಕ ಮೊದಲನೇ ವ್ಯಾಟಿಕನ್ ಸಭಾದಾಗ 533 ಮಂದಿ ಹೌದು, ಇಬ್ಬರು ಅಲ್ಲ ಅಂದ್ರು, ವಿರೋಧ ಇದ್ದ ಬಿಷಪ್‌ರು ಬಹಳ ಮಂದಿ ಓಟಿಗಿಂತ ಮೊದಲಾ ಊರು ಬಿಟ್ಟಿದ್ರು. ಠರಾವಿನ ಅರ್ಥ ಇಷ್ಟಾ, ವಿಶ್ವಾಸ ಅಥವಾ ನೀತಿ ವಿಷಯದಾಗ ಇಡೀ ಚರ್ಚಿಗೆ ಕಡ್ಡಾಯ ಅಂತ ಪೋಪ್ ಅಧಿಕೃತವಾಗಿ ಸಾರಿದಾಗ ಅದು ತಪ್ಪಾಗಂಗಿಲ್ಲ. ಆಮೇಲೆ ಎಲ್ಲಾರೂ ಒಪ್ಪೂ ಹಂಗ ಅದನ್ನ ಬಳಸಿದ್ದು 1950ರ ಒಂದೇ ಸಲ. ಕ್ರಿಕೆಟ್ ಬಗ್ಗೆ ಪೋಪ್ ಏನರೆ ಅಂದ್ರ ನಮ್ಮಾಕಿ ಒಪ್ಪಬೇಕಂತ ಏನೂ ಇಲ್ಲ.

ಮುಂದಿನ ರವಿವಾರ 1534ರ ಬೈಬಲ್‌ದ್ದು, 1870ರದ್ದು ಎರಡು ಸಾಲು ತಿದ್ದುಪಡಿ ಹಾಕ್ರಿ. ಮತ್ತ ನಿಮ್ಮ ಫೋಟೋ ವಿಭಾಗದವ್ರಿಗೂ ಒಂದು ಮಾತು ಹೇಳ್ರಿ, ಪ್ರತಿ ಕ್ರಿಸ್‌ಮಸ್‌ಗೆ ಸಿಎಸ್‌ಐ ಚರ್ಚಿನ ಫೋಟೋ ಕೆಳಗ "ಬಲಿಪೂಜೆ ಅರ್ಪಿಸಿದ ಫಾದರ್" ಅಂತ ಹಾಕ್ತಾರ, ಬಾಜೂಕ ಅವರ ಹೆಂಡ್ತಿ ಮಕ್ಕಳು ನಿಂತಿರ್ತಾರ. ನಮ್ಮಲ್ಲಿ ಅದು ಆರಾಧನೆ, ಅವರು ಪಾದ್ರಿಯವರು.

ಇಂತಿ ನಿಮ್ಮ ಓದುಗ,
ಹುಬ್ಬಳ್ಳಿ