ಭಾನುವಾರದ ಓದು: ‘ಕಿಂಗ್ ರ‍್ಯಾಟ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9ಕ್ಕೆ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಮಾತು ಜೇಮ್ಸ್ ಕ್ಲಾವೆಲ್ ಅವರ 1962ರ ಕಾದಂಬರಿ ‘ಕಿಂಗ್ ರ‍್ಯಾಟ್’ ಬಗ್ಗೆ.

1945ರ ಸಿಂಗಪುರ, ಚಾಂಗಿ ಸೆರೆಶಿಬಿರ. ಲೇಖಕರೂ ಅಲ್ಲಿ ಜಪಾನಿಯರ ಕೈದಿಯಾಗಿದ್ದವರು. ಅದಕ್ಕೇ ಹಸಿವಿನ ವಿವರಗಳು ಅಷ್ಟು ನಿಜ ಅನ್ನಿಸುತ್ತವೆ. ಎಲ್ಲರೂ ಮೂಳೆ ಚಕ್ಕಳವಾಗಿರುವಾಗ ಒಬ್ಬ ಅಮೆರಿಕನ್ ಕಾರ್ಪೊರಲ್ ಮಾತ್ರ ಶುಭ್ರ ಬಟ್ಟೆ ಹಾಕಿಕೊಂಡು ಮೊಟ್ಟೆ ಕರಿಯುತ್ತಾನೆ! ಇಲಿ ಸಾಕಿ ಮಾಂಸ ಮಾರುವ ಭಾಗವನ್ನು ತಿಂಡಿಗೆ ಮೊದಲು ಓದಬೇಡಿ. ಅವನು ಕಳ್ಳನೋ ಜಾಣನೋ ಅಂತ ಜಗಳ ಗ್ಯಾರಂಟಿ, ಅಲ್ವಾ?

ಓದು ಮುಗಿಸದವರೂ ಬನ್ನಿ. ಆದರೆ ಕೊನೆ ಗೊತ್ತಾಗಿಬಿಡುತ್ತದೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ, ಸುಮ್ನೆ ಮೆಟ್ರೊ ಹತ್ತಿ. ಜಮಖಾನ ಯಾರು ತರ್ತೀರಿ? ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.